ಗಾಜಿನ ಪ್ರಯೋಗದಲ್ಲಿ 1.5 ಬಾರದೆ ಒದ್ದಾಡಿದ್ದು

ಮಗಳ ಹತ್ತನೇ ತರಗತಿಯ ಪ್ರಯೋಗ. ಗಾಜಿನ ಚಪ್ಪಡಿ, ನಾಲ್ಕು ಗುಂಡುಸೂಜಿ, ಬಿಳಿ ಹಾಳೆ, ಅಷ್ಟೇ. ಮಾಮೂಲಿ ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.5 ಬರಬೇಕು. ನಮಗೆ ಒಮ್ಮೆ 1.41, ಇನ್ನೊಮ್ಮೆ 1.65!

ಮೊದಲು ಸುಮ್ನೆ ಗಾಜನ್ನೇ ಬೈದೆವು. ಆಮೇಲೆ ನೋಡಿದರೆ ತಪ್ಪು ನಮ್ಮದೇ. ಬೆಳಕಿನ ದಾರಿ ಗುರುತಿಸುವ ಸೂಜಿಗಳನ್ನು ಬರೀ 2 ಸೆಂ.ಮೀ. ಅಂತರದಲ್ಲಿ ಚುಚ್ಚಿದ್ದೆವು. ಅದೂ ಸೂಜಿಯ ತಲೆ ನೋಡಿ ಸಾಲು ಹಿಡಿಯುತ್ತಿದ್ದೆವು. ಸೂಜಿ ಸ್ವಲ್ಪ ವಾಲಿದ್ದರೂ ಗೆರೆ ತಪ್ಪುತ್ತದೆ ಅಲ್ವಾ? ಅಂತರವನ್ನು 6 ಸೆಂ.ಮೀ. ಮಾಡಿದೆವು. ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಗಾಜಿನ ಮೂಲಕ ಸೂಜಿಯ ಬುಡ ನೋಡಿದೆವು. ಕತ್ತು ನೋಯಿತು, ಆದರೆ ಗೆರೆ ಸರಿಯಾಯಿತು.

ಅಸಲಿ ಕಳ್ಳ ಬೇರೆಯೇ ಇದ್ದ. ನಾವು ಪತನ ಕೋನ, ಅಂದರೆ ಬೆಳಕು ಗಾಜಿನ ಮೇಲೆ ಬೀಳುವ ಕೋನ, 20° ಇಟ್ಟಿದ್ದೆವು. ಆಗ ಗಾಜಿನೊಳಗಿನ ಕೋನ 13° ಆಸುಪಾಸು. ಅದನ್ನು 12° ಎಂದು ಓದಿದರೆ 1.65, 14° ಎಂದು ಓದಿದರೆ 1.41. ಒಂದೇ ಡಿಗ್ರಿಗೆ ಇಷ್ಟು ಆಟ! 60°ಯಲ್ಲಿ ಅಷ್ಟೇ ತಪ್ಪು ಮಾಡಿದರೂ ಉತ್ತರ 1.47ರಿಂದ 1.55ರ ಒಳಗೇ ಇರುತ್ತದೆ.

ಹಾಗಾಗಿ 40°, 50°, 60° ಇಟ್ಟು ಅಳೆದೆವು. ಒಳಗಿನ ಕೋನ 25.5°, 30.5°, 35° ಸಿಕ್ಕಿತು. ಪತನ ಕೋನದ ಸೈನ್ ಅನ್ನು ಒಳಗಿನ ಕೋನದ ಸೈನ್‌ನಿಂದ ಭಾಗಿಸಿದರೆ 1.49, 1.51, 1.51. ಕೋನ ಅಳೆಯುವುದು ಗಾಜಿನ ಅಂಚಿಗೆ ಎಳೆದ ಲಂಬದಿಂದ, ಅಂಚಿನಿಂದಲ್ಲ. ಅದನ್ನೂ ಒಮ್ಮೆ ಮರೆತಿದ್ದೆ, ಮಗಳು ನೆನಪಿಸಿದಳು.