ಬ್ರೇಕ್ ಲೈಟ್ ಬಂತಾ? ಆಯಿಲ್ ಎಲ್ಲಿಗೆ ಹೋಯಿತು ಅಂತ ಮೊದಲು ನೋಡಿ

ನಮ್ಮ ಮನೆ ಕಾರವಾರದಲ್ಲಿ, ನೆಂಟರೆಲ್ಲ ಶಿರಸಿ ಕಡೆ. ಹಾಗಾಗಿ ದೇವಿಮನೆ ಘಟ್ಟ ಹತ್ತಿ ಇಳಿಯುವುದು ನಮಗೆ ವರ್ಷವಿಡೀ ಇದ್ದದ್ದೇ. ಕಳೆದ ಮಳೆಗಾಲದಲ್ಲಿ ಘಟ್ಟ ಇಳಿಯುವಾಗ ಬ್ರೇಕಿನ ಕೆಂಪು ಲೈಟ್ ತಿರುವಿನಲ್ಲಿ ಹೊತ್ತಿಕೊಳ್ಳುತ್ತಿತ್ತು, ನೇರ ರಸ್ತೆಗೆ ಬಂದ ಕೂಡಲೇ ಆರುತ್ತಿತ್ತು.

ಹೀಗೆ ಬಂದು ಹೋಗುವ ಲೈಟನ್ನು ಜನ ವೈರಿಂಗ್ ತೊಂದರೆ ಅಂತ ಬಿಟ್ಟುಬಿಡುತ್ತಾರೆ. ಬಿಡಬಾರದು. ಬ್ರೇಕ್ ಆಯಿಲ್ ಡಬ್ಬಿಯೊಳಗೆ ತೇಲುವ ಒಂದು ಬಿಲ್ಲೆ ಇರುತ್ತದೆ. ಆಯಿಲ್ ಇಳಿದರೆ ಅದೂ ಇಳಿದು ಲೈಟ್ ಹೊತ್ತಿಸುತ್ತದೆ. ಮಟ್ಟ ಡಬ್ಬಿಯ ಮೇಲಿನ ಮಿನ್ (ಕನಿಷ್ಠ ಮಟ್ಟದ) ಗೆರೆಯ ಹತ್ತಿರ ಬಂದಿದ್ದರೆ, ತಿರುವಿನಲ್ಲೋ ಇಳಿಜಾರಿನಲ್ಲೋ ಆಯಿಲ್ ಒಂದು ಬದಿಗೆ ಸರಿದಾಗ ಲೈಟ್ ಮಿನುಗುತ್ತದೆ. ಅಂದರೆ ಇದು ಮೊದಲ ಎಚ್ಚರಿಕೆ.

ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಿ ಮೊದಲು ಪೆಡಲ್ ಒತ್ತಿ ಹಿಡಿದೆ. ಗಟ್ಟಿಯಾಗಿತ್ತು, ಒಳಗೆ ಇಳಿಯಲಿಲ್ಲ. ಪೆಡಲ್ ಮೆಲ್ಲಗೆ ಕೆಳಗೆ ಹೋಗುತ್ತಿದ್ದರೆ ಗಾಡಿ ಅಲ್ಲೇ ಬಿಟ್ಟು ಟೋಯಿಂಗ್ ಕರೆಸಬೇಕು, ಬೇರೆ ಯೋಚನೆ ಬೇಡ. ಆಮೇಲೆ ಹ್ಯಾಂಡ್ ಬ್ರೇಕ್ ಮೇಲೆಳೆದು ಪೂರ್ತಿ ಕೆಳಗೆ ಬಿಟ್ಟೆ. ಅದರ ಸ್ವಿಚ್ ಸಿಕ್ಕಿಕೊಂಡರೂ ಇದೇ ಲೈಟ್ ಬರುತ್ತದೆ. ಕೆಂಪು ಲೈಟ್ ಜೊತೆ ಹಳದಿ ಎಬಿಎಸ್ (ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟೂ ಬಂದರೆ ಕಥೆ ಬೇರೆ. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಲಾಕ್ ಆಗಬಹುದು, ಗ್ಯಾರೇಜಿಗೇ ಹೋಗಬೇಕು. ನನಗೆ ಕೆಂಪು ಮಾತ್ರ ಇತ್ತು. ಬಾನೆಟ್ ತೆಗೆದರೆ ಆಯಿಲ್ ಮಿನ್ ಗೆರೆಗೆ ಮುಟ್ಟಿತ್ತು. ಎರಡನೇ ಗೇರಿನಲ್ಲೇ ಇಳಿದು ಬಂದೆ.

ಕುಮಟಾದಲ್ಲಿ ಒಬ್ಬರು, "ಸ್ವಲ್ಪ ಆಯಿಲ್ ಹಾಕಿಬಿಡಿ, ಲೈಟ್ ಹೋಗ್ತದೆ" ಅಂದರು. ಹೋಗುತ್ತದೆ, ನಿಜ. ಆದರೆ ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎರಡೇ ಕಾರಣ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದು, ಅದನ್ನು ತಳ್ಳುವ ಪಿಸ್ಟನ್ ಹೊರಗೆ ಬಂದಿರಬೇಕು, ಆ ಜಾಗಕ್ಕೆ ಆಯಿಲ್ ಇಳಿದಿರುತ್ತದೆ. ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಪ್ಯಾಡ್ ಸವೆದಾಗ ಮೇಲಿಂದ ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳುವಾಗ ಆಯಿಲ್ ಉಕ್ಕಿ ಚೆಲ್ಲುತ್ತದೆ. ಬಾಡಿ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ತಕ್ಷಣ ನೀರು ಹೊಯ್ದು ತೊಳೆಯಬೇಕು.

ಮನೆಗೆ ಬಂದು ಮುಂದಿನ ಪ್ಯಾಡ್ ನೋಡಿದೆ. ಇನ್ನೂ ದಪ್ಪ ಇದ್ದವು. 3 ಮಿಲಿಮೀಟರಿಗೆ ಬಂದರೆ ನಾನು ಬದಲಿಸುತ್ತೇನೆ. ಹಾಗಾದರೆ ಸೋರಿಕೆಯೇ. ಮಳೆಗಾಲದಲ್ಲಿ ಇದನ್ನು ಹುಡುಕುವುದು ಕಷ್ಟ, ಗಾಡಿಯ ಅಡಿಯೆಲ್ಲ ಒದ್ದೆಯೇ ಅಲ್ವಾ? ಅದಕ್ಕೆ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಒಣಗಿದ ಮೇಲೆ ಒಂದೊಂದು ಚಕ್ರದ ಕೆಳಗೂ ರಟ್ಟು ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಎಡಗಡೆ ಹಿಂದಿನ ಚಕ್ರದ ರಟ್ಟಿನಲ್ಲಿ ಕಲೆ. ಮುಟ್ಟಿದರೆ ಜಾರುತ್ತಿತ್ತು, ನೀರು ಹಾಗೆ ಜಾರುವುದಿಲ್ಲ. ರಟ್ಟಿನಲ್ಲಿ ಏನೂ ಕಾಣದಿದ್ದರೆ ಬ್ರೇಕ್ ಪೆಡಲಿನ ಮೇಲ್ಗಡೆಯೂ ಕೈಯಾಡಿಸಿ ನೋಡಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಗಾಡಿಯ ಒಳಗಡೆಗೂ ಸೋರಬಹುದು. ಕೆಲವು ಗಾಡಿಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ, ಅಲ್ಲೂ ನೋಡಬೇಕು.

ಗ್ಯಾರೇಜಿನಲ್ಲಿ ಆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿದೆ. ಒಳಗೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿದರೆ ಆಯಿಲ್ ತೊಟ್ಟಿಕ್ಕಿತು. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಆಯಿಲ್ ಕುಡಿದಿತ್ತು. ಅದನ್ನು ಉಜ್ಜಿ ಮತ್ತೆ ಹಾಕುವುದು ಬೇಡ ಅಂದೆ. ಹೊಸ ಸಿಲಿಂಡರ್, ಎರಡೂ ಬದಿಗೆ ಹೊಸ ಶೂ ಹಾಕಿಸಿದೆ. ಪೈಪಿನೊಳಗೆ ಸೇರಿದ ಗಾಳಿಯನ್ನು ಅಲ್ಲೇ ತೆಗೆದುಕೊಟ್ಟರು. ಪೂರ್ತಿ ಆಯಿಲ್ ಬದಲಿಸುವುದನ್ನು ಮಾತ್ರ ಮನೆಯಲ್ಲೇ ಮಾಡಿಕೊಂಡೆ.

ಈ ಆಯಿಲ್ ವಿಷಯದಲ್ಲಿ ಕರಾವಳಿಯವರು ಜಾಸ್ತಿ ಹುಷಾರಾಗಿರಬೇಕು. ಇದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟರೆ ಆ ಬಿಸಿ ಬರುವುದು ಕಷ್ಟವೇನಲ್ಲ. ಒಳಗೆ ಆವಿ ಗುಳ್ಳೆ ಆಯಿತು ಅಂದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಹಾಗಾಗಿ ಗಾಡಿ ಎಷ್ಟೇ ಕಮ್ಮಿ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಮಳೆ ಸುರಿಯುವಾಗ ಡಬ್ಬಿ ತೆರೆಯುವುದಿಲ್ಲ. ಸೀಲ್ ಒಡೆದು ಉಳಿದ ಬಾಟಲಿಯನ್ನು ಮತ್ತೆ ಬಳಸುವುದಿಲ್ಲ. ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತಲೋ ಡಾಟ್ 4 ಅಂತಲೋ ಇರುತ್ತದೆ, ಅದನ್ನೇ ಹಾಕಬೇಕು. ಡಾಟ್ 5 ಸಿಲಿಕಾನ್ ಆಯಿಲ್, ಇವುಗಳ ಜೊತೆ ಸೇರಿಸಲೇಬಾರದು.

ಉಪ್ಪುಗಾಳಿಗೆ ಇಲ್ಲಿ ಪ್ರತಿ ಚಕ್ರದಲ್ಲೂ ಹಳೆ ಆಯಿಲ್ ಹೊರಬಿಡುವ ನಿಪ್ಪಲ್‌ಗಳು ತುಕ್ಕು ಹಿಡಿದಿರುತ್ತವೆ. ಜೋರು ಮಾಡಿದರೆ ಮುರಿದೇ ಹೋಗುತ್ತವೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿದೆ. ತಮ್ಮ ಪೆಡಲ್ ಒತ್ತಲು ಕೂತ. "ಒತ್ತು, ಹಿಡ್ಕೊ" ಅಂದಾಗ ನಿಪ್ಪಲ್ ಸಡಿಲಿಸುವುದು, ನಿಪ್ಪಲಿಗೆ ಸಿಕ್ಕಿಸಿದ ಪೈಪಿನಲ್ಲಿ ಆಯಿಲ್ ಬಾಟಲಿಗೆ ಬಂದ ಮೇಲೆ ಬಿಗಿ ಮಾಡುವುದು, ಆಮೇಲಷ್ಟೇ "ಬಿಡು" ಅನ್ನುವುದು. ಬಿಗಿ ಮಾಡುವ ಮೊದಲು ಅವನು ಕಾಲು ತೆಗೆದರೆ ಗಾಳಿ ಒಳಗೆ ಹೋಗುತ್ತದೆ. ನನ್ನ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರಬೇಕು. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಮ್ಯಾನ್ಯುವಲ್ ನೋಡಿಕೊಳ್ಳಿ. ಕಾಫಿ ಬಣ್ಣ ಹೋಗಿ ತಿಳಿ ಆಯಿಲ್ ಬರುವವರೆಗೂ ಮಾಡಿದೆವು. ಈ ನಡುವೆ ಡಬ್ಬಿ ಖಾಲಿಯಾಗಲು ಬಿಡಲೇಬಾರದು. ಎಬಿಎಸ್ ಒಳಗೆ ಗಾಳಿ ಸೇರಿದರೆ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆ ತೆಗೆಯಲು ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿದು ನೋಡಿದೆ. ಓಣಿಯಲ್ಲಿ ಮೆಲ್ಲಗೆ ಓಡಿಸಿದೆ. ಆಮೇಲೇ ಹೆದ್ದಾರಿಗೆ ಹೋದೆ. ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ತಾರೀಕು ಬರೆದಿದ್ದೇನೆ. ತಿಂಗಳಿಗೊಮ್ಮೆ ನೋಡಿದರೆ ಸಾಕು. ಪ್ಯಾಡ್ ಸವೆತಕ್ಕೆ ಆಯಿಲ್ ತೀರಾ ನಿಧಾನಕ್ಕೆ ಇಳಿಯುತ್ತದೆ. ಒಂದೇ ತಿಂಗಳಲ್ಲಿ ಗೆರೆಯಿಂದ ಕೆಳಗೆ ಎದ್ದು ಕಾಣುವಷ್ಟು ಹೋದರೆ, ಆವತ್ತೇ ಮತ್ತೆ ರಟ್ಟು ಹಾಸುವುದು.