ಕಾಣದ ಬೆಳಕನ್ನು ಕಾಣುವುದು ಹೇಗೆ?

ಬೇಕಾಗುವುದು ಒಂದು ಬಚ್ಚಲೊಲೆ, ಟಿವಿ ರಿಮೋಟ್ ಮತ್ತು ಮೊಬೈಲ್. ಶಿರಸಿ ಸೀಮೆಯ ಹಳ್ಳಿಮನೆಗಳಲ್ಲಿ ಇವು ಮೂರಕ್ಕೂ ಹುಡುಕಾಡಬೇಕಿಲ್ಲ.

ಮೊದಲು ಒಲೆ. ರಾತ್ರಿ ಎಲ್ಲರ ಸ್ನಾನ ಮುಗಿದು, ಕೆಂಡ ಬೂದಿಯಾದ ಮೇಲೆ ದೀಪ ಆರಿಸಿ. ಮಸಿ ಹಿಡಿದ ಹಂಡೆಯ ಪಕ್ಕಕ್ಕೆ ಅಂಗೈ ಒಡ್ಡಿ, ಮುಟ್ಟಬೇಡಿ. ಕಣ್ಣಿಗೆ ಬರೀ ಕತ್ತಲೆ, ಅಂಗೈಗೆ ಹಿತವಾದ ಬಿಸಿ. ಹಂಡೆ ಸೂಸುತ್ತಿರುವ ಅವಕೆಂಪು (ಇನ್‌ಫ್ರಾರೆಡ್) ಬೆಳಕು, ಅಂದರೆ ಕೆಂಪಿನ ಆಚೆಯ ಕಾಣದ ಬೆಳಕು, ನಿಮ್ಮ ಚರ್ಮಕ್ಕೆ ತಾಗುತ್ತಿದೆ. 1800ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆ ಏನೂ ಕಾಣದ ಕಡೆ ಉಷ್ಣಮಾಪಕ ಇಟ್ಟರು. ಪಾದರಸ ಅಲ್ಲಿಯೂ ಏರಿತು.

ಇನ್ನು ರಿಮೋಟ್. ಅದರ ತುದಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಹೆಚ್ಚಿನ ಮೊಬೈಲುಗಳ ಪರದೆಯಲ್ಲಿ ನಸುನೇರಳೆ ಚುಕ್ಕೆ ಮಿನುಗುತ್ತದೆ. ರಿಮೋಟ್ ಸೂಸುವುದೂ ಅವಕೆಂಪನ್ನೇ, ಬರಿಗಣ್ಣಿಗೆ ಅದು ಕಾಣುವುದಿಲ್ಲ.

ಮೂರನೆಯದಕ್ಕೆ ಘಟ್ಟ ಇಳಿಯಬೇಕು. ಕಾರವಾರದ ಕಡಲಿನಲ್ಲಿ ನೀರೊಳಗೆ ನಿಂತ ಕಂಬವೊಂದನ್ನು ನೋಡುತ್ತ ಕುಳಿತುಕೊಳ್ಳಿ. ಕಿರುತೆರೆಗಳು ಕಂಬಕ್ಕೆ ಬಡಿದು ಚೆದುರುತ್ತವೆ. ಉದ್ದನೆಯ ಅಲೆ ಕಂಬವೇ ಇಲ್ಲವೆಂಬಂತೆ ದಾಟಿ ಹೋಗುತ್ತದೆ. ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿಯೂ ಹೀಗೆಯೇ. ಅಲ್ಲಿನ ನವಿರಾದ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ. ಅವಕೆಂಪಿನ ಅಲೆ ಉದ್ದ, ಆದ್ದರಿಂದ ಅದು ಹಾದು ಬರುತ್ತದೆ.

ಹಾಗಾದರೆ ಅವಕೆಂಪನ್ನು ನೋಡುವ ದೂರದರ್ಶಕವನ್ನು ನೆಲದ ಮೇಲೆಯೇ ಇಡಬಾರದೇಕೆ? ಕರಾವಳಿಯಲ್ಲಿ ನಮ್ಮನ್ನು ಬೆವರಿಸುವ ನೀರಾವಿಯೇ ಅವಕೆಂಪಿನ ಬಹುಭಾಗವನ್ನು ಹೀರಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬಿಸಿ. ಬೆಚ್ಚಗಿರುವ ದೂರದರ್ಶಕ ತಾನೇ ಹಂಡೆಯಂತೆ ಸೂಸುತ್ತದೆ. ತನ್ನ ಹೊಳಪಿನಲ್ಲಿ ತಾನೇ ಕುರುಡಾಗುತ್ತದೆ. ತಣ್ಣಗಿನದನ್ನು ನೋಡುವ ಕಣ್ಣು ಇನ್ನೂ ತಣ್ಣಗಿರಬೇಕು. ನನ್ನನ್ನು ಬಹುವಾಗಿ ಸೆಳೆಯುವುದು ಇದೇ. 1983ರ ಅವಕೆಂಪು ದೂರದರ್ಶಕ ಐರಾಸ್ ಉಪಗ್ರಹ ತನ್ನನ್ನು ತಣಿಸುವ ದ್ರವ ಹೀಲಿಯಂ ತೀರುವವರೆಗೆ, ಅಂದರೆ ಹತ್ತು ತಿಂಗಳು ಮಾತ್ರ ದುಡಿಯಿತು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಟೆನಿಸ್ ಅಂಕಣದಷ್ಟು ಅಗಲದ ಐದು ಪದರಗಳ ಕೊಡೆಯ ನೆರಳಿನಲ್ಲಿದೆ. ಅದರ 6.5 ಮೀಟರ್ ಕನ್ನಡಿಗೆ ಚಿನ್ನದ ಲೇಪ, ಏಕೆಂದರೆ ಚಿನ್ನ ಅವಕೆಂಪನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ಮಿರಿ ಎಂಬ ಉಪಕರಣವನ್ನಂತೂ ಶೈತ್ಯಯಂತ್ರವೊಂದು ಮೈನಸ್ 266 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುತ್ತದೆ. ಅತಿ ಶೀತಲ ಧೂಳು ಸೂಸುವ ಅಲೆಗಳು ಮಾತ್ರ ವೆಬ್‌ಗೂ ಎಟುಕದಷ್ಟು ಉದ್ದ. ಅವನ್ನು 2009ರಿಂದ 2013ರವರೆಗೆ ಹಿಡಿದ ದೂರದರ್ಶಕಕ್ಕೆ ಹರ್ಷೆಲ್ ಎಂದೇ ಹೆಸರು.

ಕೊನೆಯದು ಆಕಾಶ. ಜನವರಿಯ ರಾತ್ರಿ, ಊಟವಾದ ಮೇಲೆ ಅಂಗಳಕ್ಕೆ ಬಂದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಹುಡುಕಿ. ಕೆಳಗೆ ತೂಗುವ ಕತ್ತಿಯಲ್ಲಿ ಮಂಜಿನಂಥ ಒಂದು ಚುಕ್ಕೆ ಇದೆ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಅದೇ ಜಾಗದ ವೆಬ್ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹೋಲಿಸಿ. ಮೊದಲು ಆಕಾಶ, ಆಮೇಲೆ ಮೊಬೈಲ್; ಪರದೆಯ ಬೆಳಕು ತಾಗಿದ ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು.