ಸ್ಪೀಕರ್ ವೈರ್ ಜೋಡಿಸುವಾಗ ತುದಿಯ ಮೇಲೆ ಕಣ್ಣಿರಲಿ

ನಮ್ಮಪ್ಪನ ಹಳೇ ಆಂಪ್ಲಿಫೈಯರ್ ಹಾಳಾಗಿದ್ದು ಒಂದೇ ಒಂದು ತಾಮ್ರದ ಎಳೆಯಿಂದ. ನಾನು ಸುಲಿದ ವೈರಿನಿಂದ ಕೂದಲಿನಷ್ಟು ತೆಳುವಾದ ಎಳೆಯೊಂದು ಈಚೆ ಬಂದು ಪಕ್ಕದ ಟರ್ಮಿನಲ್ಲಿಗೆ ತಾಗಿತ್ತು. ವಾಲ್ಯೂಮ್ ಏರಿಸಿದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಅಪ್ಪ ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಬೇಜಾರು.

ಹಾಗಾಗಿ ಮೊದಲು ಪ್ಲಗ್ ಕಿತ್ತಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು.

ನಮ್ಮ ಹಾಲ್‌ಗೆ ಒಂದೊಂದು ಸ್ಪೀಕರಿಗೂ 6 ಮೀಟರ್ ವೈರ್ ಬೇಕಾಯಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ 1.5 ಚದರ ಮಿ.ಮೀ. ಜೋಡಿ ವೈರ್ ತಂದೆ. 8 ಓಮ್ ಸ್ಪೀಕರಿಗೆ ಇದು ಧಾರಾಳ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ). ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರೂ ಮಾರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ಬೇಡ.

ತುದಿಯಲ್ಲಿ 1 ಸೆಂ.ಮೀ. ಮಾತ್ರ ಸುಲಿಯಿರಿ. ದೀಪದ ಬತ್ತಿ ಹೊಸೆದ ಹಾಗೆ ಎಳೆಗಳನ್ನು ಒಟ್ಟಿಗೆ ಹೊಸೆಯಿರಿ. ಟರ್ಮಿನಲ್ಲಿಗೆ ತೂರಿಸಿ ಬಿಗಿ ಮಾಡಿದ ಮೇಲೆ ಟಾರ್ಚ್ ಬಿಟ್ಟು ನೋಡಿ. ಬರಿ ತಾಮ್ರ ಹೊರಗೆ ಕಾಣಬಾರದು. ಮೆತ್ತಗೆ ಎಳೆದರೂ ವೈರ್ ಕದಲಬಾರದು.

ಜೋಡಿ ವೈರಿನಲ್ಲಿ ಒಂದರ ಮೇಲೆ ಗೆರೆ ಇರುತ್ತದೆ. ನಾನು ಅದನ್ನು ಯಾವಾಗಲೂ ಕೆಂಪಿಗೆ, ಅಂದರೆ ಪ್ಲಸ್‌ಗೆ ಹಾಕುತ್ತೇನೆ, ಎರಡೂ ತುದಿಯಲ್ಲಿ. ಒಂದು ಸ್ಪೀಕರಿಗೆ ಮಾತ್ರ ತಿರುಗಾಮುರುಗಾ ಆದರೆ ಏನೂ ಸುಡುವುದಿಲ್ಲ. ಆದರೆ ಒಂದರ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಭಾಗ, ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ತಬಲಾ ಕೇಳಿದರೆ ಡಗ್ಗಾದ ಗುಂಯ್ ಅನ್ನುವ ಸದ್ದೇ ಸೊರಗಿರುತ್ತದೆ. ಹಾಡುವವರ ದನಿ ಎರಡು ಸ್ಪೀಕರುಗಳ ನಡುವಿನಿಂದ ಬಂದ ಹಾಗೆ ಕೇಳುವುದಿಲ್ಲ. ಸ್ಪೀಕರ್ ಮೇಲಿನ ಗುರುತು ಅಳಿಸಿದ್ದರೆ, ಆಂಪ್ಲಿಫೈಯರಿಗೆ ಸೇರಿಸುವ ಮೊದಲು 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ದೊಡ್ಡ ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್.

ಅವತ್ತು ನಾನು ಮಾಡದೆ ಬಿಟ್ಟ ಕೆಲಸ ಒಂದಿದೆ. ಸ್ಪೀಕರ್ ಕಡೆ ಜೋಡಿಸಿ, ಆಂಪ್ಲಿಫೈಯರಿಗೆ ಹೋಗುವ ತುದಿಯಲ್ಲಿ ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ ಇಡಿ. 8 ಓಮ್ ಸ್ಪೀಕರಿಗೆ ಸುಮಾರು 6 ತೋರಿಸಿದರೆ ಸರಿ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಹುಡುಕಿ.

ಅಮ್ಮನಿಗೆ ಅಡುಗೆಮನೆಯಲ್ಲೂ ಸ್ಪೀಕರ್ ಬೇಕಂತೆ. 8 ಓಮಿನ ಎರಡನ್ನು ಒಂದೇ ಟರ್ಮಿನಲ್ಲಿಗೆ ಹಾಕಿದರೆ ಅದು 4 ಓಮ್ ಆಗಿ ಆಂಪ್ಲಿಫೈಯರಿಗೆ ಹೊರೆ ಹೆಚ್ಚುತ್ತದೆ. ಆಂಪ್ಲಿಫೈಯರಿನ ಬೆನ್ನ ಮೇಲೆ ಎಷ್ಟು ಬರೆದಿದೆ ಅಂತ ನೋಡದೆ ಹಾಗೆ ಮಾಡಬೇಡಿ. ನಮ್ಮದರಲ್ಲಿ ಕನಿಷ್ಠ 8 ಅಂತಿದೆ. ಹಾಗಾಗಿ ಅಮ್ಮನಿಗೆ ಬೇರೆ ಚಿಕ್ಕ ಆಂಪ್ಲಿಫೈಯರನ್ನೇ ಇಟ್ಟುಕೊಟ್ಟೆ.